ಮುಚ್ಚಿಬಿಟ್ಟ ಗಾಯ

ಮಿರಜ,
೨೪ ಮಾರ್ಚ್ ೧೯೯೬

ಅವ್ವಾ, ಜಯ ಜಿನೇಂದ್ರ.

ಎಲ್ಲ ಕ್ಷೇಮವೆಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೂತಲ್ಲಿ ಕೂರಲಾಗುತ್ತಿಲ್ಲ. ತಮ್ಮ ಕೇತನನ ಮದುವೆಗೆ ಸಮಡೋಳಿಗೆ ಮುಂಚೆಯೇ ಬಾ, ಆದರೆ ಬೀಗರೆದುರು ಸತ್ತ ಕೂಸಿನ ಮಾತು ಎತ್ತಬೇಡ ಎಂದು ಬರೆದಿದ್ದೀಯಲ್ಲ, ಅದಕ್ಕೆ ಏನೆಂದು ಉತ್ತರಿಸಲಿ? ಮೊದಲು ಇಲ್ಲಿ ನಡೆದದ್ದನ್ನು ಕೇಳು.

ಸಾಂಗ್ಲಿ ರಸ್ತೆಯ ಎರಡೂ ಬದಿ ಈಗ ಹೊಸ ಕಾಲನಿ, ಶೋರೂಮು. ಫೈಬರ್ ಗಣಪತಿ ಬಂದ ಮೇಲೆ ಇವರು ಮಾಡುವ ಪ್ಲಾಸ್ಟರ್ ಮೂರ್ತಿಗಳನ್ನು ಕೇಳುವವರು ಕಡಿಮೆ. ಹಾಗಾಗಿ ಕ್ಯಾಥೊಲಿಕ್ ಚರ್ಚಿನವರು ಹಳೆಯ ಮೂರ್ತಿಯೊಂದನ್ನು ಬಣ್ಣಕ್ಕೆ ಕಳಿಸಿದಾಗ ಇವರು ಹಿಂದೆಮುಂದೆ ನೋಡದೆ ಒಪ್ಪಿದರು. ಶಿಲುಬೆಯಿಂದ ಇಳಿಸಿದ ಮಗನನ್ನು ಮಡಿಲಿಗೆ ಹಾಕಿಕೊಂಡು ಕೂತ ತಾಯಿ ಮೇರಿ. ಬಣ್ಣವೆಲ್ಲ ಉದುರಿತ್ತು. ಭಿನ್ನವಾದ ಮೂರ್ತಿ ಪೂಜೆಗೆ ಬಾರದೆಂದು ಕೇಳುತ್ತ ಬೆಳೆದ ನಿನ್ನ ಅಳಿಯ, ಅವಳ ಮಡಿಲಲ್ಲಿನ ಮಗನ ಪಕ್ಕೆ, ಅಂಗೈ, ಪಾದಗಳಲ್ಲಿ ತೂತು ಕಂಡದ್ದೇ ತಡ, ಪ್ಲಾಸ್ಟರ್ ತುಂಬಿ, ನುಣ್ಣಗೆ ತಿಕ್ಕಿ, ಬಣ್ಣ ಹೊಡೆದುಬಿಟ್ಟರು!

ನೋಡಲು ಬಂದ ಫಾದರ್ ಬೆಳಗಾವಿ ಕಡೆಯವರು, ಬೈಯಲಿಲ್ಲ. "ಅವು ಒಡಕ ಅಲ್ರಿ, ಗಾಯ. ಶುಭ ಶುಕ್ರವಾರದೊಳಗ ತೆರದು ಕೊಡ್ರಿ" ಅಂದರು. ಇವರು ಉಳಿ ಎತ್ತಿದವರು ಕೆಳಗಿಟ್ಟರು. "ಗಾಯಾ ಮಾಡೂದು ನನ್ನ ಕೈಲೆ ಆಗೂದಿಲ್ಲ" ಅಂದರು. ಇರುವೆ ಸಾಲು ಕಂಡರೆ ಸುತ್ತುಹಾಕಿ ಹೋಗುವವರಲ್ಲವೆ. ಕೆಲಸ ನನ್ನ ಕೊರಳಿಗೆ ಬಿತ್ತು.

ಮೂರ್ತಿಯ ಮುಂದೆ ಕೂತೆ. ನಮ್ಮ ಬಸದಿಯ ಭಗವಂತ ನೋವನ್ನು ದಾಟಿ ನಿಂತವನು, ಅವನೆದುರು ನನ್ನ ಉಸಿರೂ ನಿಧಾನವಾಗುತ್ತದೆ. ಇಲ್ಲಿ ಹಾಗಿಲ್ಲ. ಮಗನ ಕೈ ಜೋತುಬಿದ್ದಿದೆ. ಆ ತಾಯಿಯ ಬೆರಳುಗಳು ಅವನ ಕಂಕುಳ ಕೆಳಗೆ ಒತ್ತಿವೆ, ಒತ್ತಿದಲ್ಲಿ ಮಾಂಸ ತುಸು ಉಬ್ಬಿದೆ. ಮಾಡಿದವನಿಗೆ ಜೀವ ಹೋದ ಮೈಯ ಭಾರ ಗೊತ್ತಿತ್ತು. ನನಗೂ ಗೊತ್ತು. ಅವಳ ಇನ್ನೊಂದು ಕೈ ಖಾಲಿ, ಅಂಗೈ ಬಿಚ್ಚಿಕೊಂಡಿದೆ, ನೋಡಿರಿ ಅನ್ನುವಂತೆ. ಗಾಯ ಮುಚ್ಚಿದ ಮೇಲೆ ಮಗ ನಿದ್ದೆಹೋದವನಂತೆ ಕಾಣುತ್ತಿದ್ದ, ಆ ಕೈಗೆ ಅರ್ಥವೇ ಉಳಿದಿರಲಿಲ್ಲ.

ನಾನೇ ತೆರೆದೆ. ಪಕ್ಕೆಯ ಪ್ಲಾಸ್ಟರ್ ಕಳಚಿ ಬಿದ್ದಾಗ ಬಾಯಿಗೆ ವೃಷಾಲಿಯ ಹೆಸರು ಬಂತು. ಶ್ರಾವಣದಲ್ಲಿ ಜ್ವರ ಅವಳನ್ನು ಒಯ್ದಂದಿನಿಂದ ಈ ಮನೆಯಲ್ಲಿ ಯಾರೂ ಆಡದ ಹೆಸರು. ಇವರು ಬಾಗಿಲಲ್ಲೇ ನಿಂತಿದ್ದರು. "ಇನ್ನೊಮ್ಮೆ ಅನ್ನು" ಅಂದರು. ಇಬ್ಬರೂ ಅತ್ತೆವು.

ಮದುವೆಗೆ ಬರುತ್ತೇನೆ, ಅವ್ವಾ. ಮಕ್ಕಳೆಷ್ಟು ಎಂದು ಬೀಗರು ಕೇಳಿದರೆ ಒಬ್ಬಳಿದ್ದಳು, ವೃಷಾಲಿ ಎನ್ನುತ್ತೇನೆ. ಅದು ಬೇಡವೆಂದರೆ ಈಗಲೇ ಬರೆದು ತಿಳಿಸು, ನಾನು ಬರುವುದಿಲ್ಲ.

ನಿನ್ನ ಮಗಳು,
ಜಿನಮತಿ

ತಾ.ಕ.: ನನಗಿಂತ ಮೊದಲು ನಿನಗೊಬ್ಬ ಮಗ ಹುಟ್ಟಿ ತೀರಿಹೋದನೆಂದು ನಿನ್ನ ತಂಗಿ, ನಮ್ಮ ಮಾವಶಿ, ಬಾಯಿಬಿಟ್ಟಳು. ಹೆಸರು ಮಾತ್ರ ಹೇಳಲಿಲ್ಲ, ನೀನು ಆಣೆ ಹಾಕಿಸಿದ್ದೀಯಂತೆ. ಅವನನ್ನು ಏನೆಂದು ಕರೆಯುತ್ತಿದ್ದೆ, ಅವ್ವಾ?