ನಮ್ಮ ಹಟ್ಟಿಯಲ್ಲಿ ಮಕ್ಕಳಿದ್ದಾರೆ, ಮಾನ್ಯರೇ

ಮಾನ್ಯರೇ, ಅಂಗನವಾಡಿಗಳನ್ನು ತೆರೆಯುವ, ಮುಚ್ಚುವ, ಒಂದರೊಳಗೊಂದು ವಿಲೀನ ಮಾಡುವ ಅಧಿಕಾರ ತಮ್ಮ ಕೈಯಲ್ಲಿದೆ. ಗೌಡಗೆರೆ ಹೋಬಳಿಯ ನಮ್ಮ ಹಟ್ಟಿಯ ಅಂಗನವಾಡಿಗೆ ತಾವು ಬೀಗ ಹಾಕಿಸಿ ಏಳು ತಿಂಗಳಾಯಿತು. ಕಾರಣ, ಹಟ್ಟಿಯಲ್ಲಿ ಮಕ್ಕಳಿಲ್ಲವಂತೆ. ಇದ್ದಾರೆ ಮಾನ್ಯರೇ, ಹದಿನೇಳು ಮಕ್ಕಳಿದ್ದಾರೆ. ಅವರಲ್ಲಿ ಒಬ್ಬಳು ನನ್ನ ಮಗಳು ಸಿಂಚನಾ, ನಾಲ್ಕು ವರ್ಷದವಳು. ಬೆಳಿಗ್ಗೆ ಕೂಲಿಗೆ ಹೊರಟ ನಾನು ಸಂಜೆ ಬಂದಾಗ ಇವಳು ಜೀವಂತ ಇರುತ್ತಾಳೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ತಪ್ಪು ತಮ್ಮೊಬ್ಬರದೇ ಅಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಬೇಸಿಗೆಯ ಶುರುವಿನಲ್ಲಿ ತಮ್ಮ ಜೀಪು ಹಟ್ಟಿಗೆ ಬಂದ ದಿನ ಅಂಗನವಾಡಿಯಲ್ಲಿದ್ದದ್ದು ಎರಡೇ ಮಕ್ಕಳು. ಉಳಿದವರ ಮನೆಗಳಲ್ಲಿ ಅಮ್ಮ ಬಂದಿದ್ದಳು. ತಮ್ಮ ಭಾಷೆಯಲ್ಲಿ ಅದು ಚಿಕನ್ ಪಾಕ್ಸ್. ನಮ್ಮಲ್ಲಿ ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ, ಒಲೆಯ ಮೇಲೆ ಒಗ್ಗರಣೆ ಚಟಗುಟ್ಟಿಸುವುದಿಲ್ಲ, ಹೊರಗಿನವರು ಕೇಳಿದರೆ ಮಕ್ಕಳ ಸುದ್ದಿಯನ್ನೇ ಎತ್ತುವುದಿಲ್ಲ. ಎತ್ತಿದರೆ ಅಮ್ಮ ಮುನಿಯುತ್ತಾಳೆ ಎಂದು ನನ್ನ ಅತ್ತೆ ಈರಕ್ಕನಿಗೆ ಅವರ ಅತ್ತೆ ಹೇಳಿದ್ದರು, ಈರಕ್ಕ ನನಗೆ ಹೇಳಿದರು. ನಾನು ಪಿಯುಸಿವರೆಗೆ ಓದಿದವಳು. ಆದರೆ ಜ್ವರದಲ್ಲಿ ಮಗು ಮೈ ಕೆರೆದುಕೊಂಡು ಅಳುವಾಗ ಪಿಯುಸಿ ಎಲ್ಲಿ ನೆನಪಿಗೆ ಬರುತ್ತದೆ?

ಅಂಗನವಾಡಿಯ ಟೀಚರ್ ರಾಧಾಮಣಿ ತಮಗೆ ಸತ್ಯವನ್ನೇ ಹೇಳಿದ್ದರು. ಹದಿನೈದು ಮಕ್ಕಳಿಗೂ ಒಟ್ಟಿಗೇ ಅಮ್ಮ ಬಂದಳೇ ಎಂದು ತಾವು ನಕ್ಕು, ಮನೆಮನೆಗೂ ಹೋಗಿ ವಿಚಾರಿಸಿದಿರಿ. ಹೊಸ್ತಿಲಾಚೆ ನಿಂತು ಈರಕ್ಕ ಹೇಳಿದ್ದು ನನಗೆ ಇನ್ನೂ ಕೇಳಿಸುತ್ತಿದೆ: "ನಮ್ಮನೇಲಿ ಮಕ್ಳಿಲ್ಲ ಸಾಮಿ. ನೆಂಟ್ರ ಮನೆಗೆ ಹೋಗವ್ರೆ, ಯಾವಾಗ ಬತ್ತಾರೋ ಏನೋ." ಎಲ್ಲ ಮನೆಯವರೂ ಇಂಥದೇ ಮಾತು ಹೇಳಿದರು. ಕೊನೆಗೆ ತಾವು ಒಂದು ಹಾಳೆ ಚಾಚಿದಿರಿ. ಓದುಬರಹ ಬಲ್ಲವಳೆಂದು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು, ನಾನು ಸಹಿ ಹಾಕಿದೆ. ಆಗ ನನ್ನ ಮಗಳು ಒಳಮನೆಯಲ್ಲಿ ಬೇವಿನೆಲೆಯ ಮೇಲೆ ಮಲಗಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನಮ್ಮ ಮಾತು ಹೋದದ್ದು ನೇರವಾಗಿ ತಮ್ಮ ಕಡತಕ್ಕೆ.

ಆದರೆ ತಮ್ಮನ್ನೂ ಒಂದೆರಡು ಮಾತು ಕೇಳುತ್ತೇನೆ. ಪ್ರತಿ ಬಾಗಿಲಲ್ಲೂ ಇದ್ದ ಬೇವಿನ ಸೊಪ್ಪು ಹಬ್ಬದ ತೋರಣ ಎಂದುಕೊಂಡಿರಾ? ಹಿಂದಿನ ತಿಂಗಳು ಹದಿನೇಳು ಮಕ್ಕಳು ಮೊಟ್ಟೆ ತಿಂದದ್ದು ಹಾಜರಿ ಪುಸ್ತಕದಲ್ಲಿತ್ತಲ್ಲ, ಆ ಪುಟ ತಿರುವಿ ನೋಡಲು ಎಷ್ಟು ಹೊತ್ತು ಬೇಕಿತ್ತು? ಇನ್ನೊಂದು ದಿನ ಬಂದಿದ್ದರೆ ಜೀಪಿನ ಚಕ್ರ ಸವೆಯುತ್ತಿತ್ತೇ? ಈಗ ನಮ್ಮ ಮಕ್ಕಳು ಪಕ್ಕದೂರಿನ ಕೇಂದ್ರಕ್ಕೆ ಹೋಗಬೇಕಂತೆ, ರಾಧಾಮಣಿಯವರನ್ನೂ ಅಲ್ಲಿಗೇ ಹಾಕಿದ್ದಾರೆ. ದೂರ ಒಂದೂವರೆ ಕಿಲೋಮೀಟರ್ ಮಾತ್ರ ಎಂದು ಆದೇಶದಲ್ಲಿದೆ. ಆ 'ಮಾತ್ರ' ಬರೆದವರನ್ನು ಒಮ್ಮೆ ಕರೆತಂದು ಮೂರು ವರ್ಷದ ಮಗುವಿನ ಕೈ ಹಿಡಿಸಿ ನಡೆಸಬೇಕು. ಹಟ್ಟಿಯ ಬಸುರಿಯರೂ ಮಧ್ಯಾಹ್ನದ ಊಟಕ್ಕೆ ಅಷ್ಟು ದೂರ ಹೋಗಿ, ಉಂಡದ್ದನ್ನು ವಾಪಸು ಬರುವ ದಾರಿಯಲ್ಲೇ ಕರಗಿಸಿಕೊಂಡು ಬರುತ್ತಾರೆ. ಪೌಷ್ಟಿಕತೆಯ ಜೊತೆಗೆ ವ್ಯಾಯಾಮವನ್ನೂ ಒದಗಿಸಿದ ತಮ್ಮ ದೂರದೃಷ್ಟಿ ದೊಡ್ಡದು.

ಆ ದಾರಿಯಲ್ಲಿ ಒಂದು ಕೃಷಿ ಹೊಂಡವಿದೆ. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಸಿದ್ದಾರೆ, ಸುತ್ತ ಬೇಲಿಯಿಲ್ಲ, ಈ ಸಲದ ಮಳೆಗೆ ತುಂಬಿ ನಿಂತಿದೆ. ಅದರಲ್ಲಿ ಜಾರಿದರೆ ದೊಡ್ಡವರೂ ಮೇಲೆ ಬರಲಾರರು, ಕೈಗೆ ಹಿಡಿಯಲು ಒಂದು ಕಡ್ಡಿಯೂ ಸಿಗುವುದಿಲ್ಲ. ನನ್ನ ಗಂಡ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದಾರೆ. ನಾನು ಕಡಲೆಕಾಯಿ ಕೀಳುವ ಕೂಲಿಗೆ ಏಳಕ್ಕೇ ಹೊರಡಬೇಕು, ಒಂಬತ್ತೂವರೆಗೆ ಮಗಳನ್ನು ಕರೆದೊಯ್ಯುವವರು ಯಾರೂ ಇಲ್ಲ. ಈರಕ್ಕನಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಕಳೆದ ಸೋಮವಾರ ಕುರಿ ಮೇಯಿಸುತ್ತಿದ್ದ ಬೋರಣ್ಣ ಸಿಂಚನಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನಿದ್ದ ಹೊಲಕ್ಕೇ ಬಂದರು. "ಮಗೀನ ಹಿಂಗೆ ಬುಟ್ಬುಟ್ಟು ಬಂದಿದೀಯಲ್ಲೇ ಚಿತ್ರಾ! ಹೊಂಡದ ಅಂಚ್ನಾಗೆ ಕುಂತಿತ್ತು ಕಣಮ್ಮ. ಒಂದು ಚಪ್ಲಿ ಆಗ್ಲೇ ನೀರಾಗೆ ತೇಲ್ತಿತ್ತು," ಎಂದರು. ಎಲ್ಲಿಗೆ ಹೊರಟಿದ್ದೆ ಎಂದು ಕೇಳಿದರೆ ಅವಳು, "ರಾಧಾಮಣಿ ಮಿಸ್ ತಾವ. ಮೊಟ್ಟೆ ಕೊಡ್ತಾರೆ," ಎಂದಳು. ಅಂದು ಅರ್ಧ ದಿನದ ಕೂಲಿ ಬಿಟ್ಟು ಅವಳನ್ನು ಮನೆಗೆ ಕರೆತಂದೆ.

ಮರುದಿನದಿಂದ ನಾನು ಮಾಡುತ್ತಿರುವುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹಳೆಯ ಸೀರೆಯ ಒಂದು ತುದಿಯನ್ನು ಮಗಳ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ಅತ್ತೆಯ ಕೈಗೆ ಕೊಟ್ಟು ಹೋಗುತ್ತೇನೆ. ಕುರಿಮರಿಯನ್ನು ಕಟ್ಟಿದಂತೆ ಹೆತ್ತ ಮಗಳನ್ನು ಕಟ್ಟುತ್ತೇನೆ. ಇದು ತಪ್ಪೆಂದು ತಾವು ನೋಟಿಸ್ ಕೊಡುವುದಾದರೆ ಕೊಡಿ, ಆ ನೆಪದಲ್ಲಾದರೂ ಇನ್ನೊಮ್ಮೆ ಹಟ್ಟಿಗೆ ಬರುತ್ತೀರಿ.

ನನ್ನ ಬೇಡಿಕೆ ಒಂದೇ. ನಾನು ಸಹಿ ಹಾಕಿದ ಆ ಹಾಳೆ ಸುಳ್ಳು, ಅದನ್ನು ರದ್ದು ಮಾಡಿ. ಯಾವ ದಿನ ಬೇಕಾದರೂ, ಹೇಳದೆ ಕೇಳದೆ ಬಂದು ಮಕ್ಕಳನ್ನು ಎಣಿಸಿಕೊಳ್ಳಿ. ಆದರೆ ಬೀಗವನ್ನು ಈ ವಾರವೇ ತೆಗೆಸಿ. ಸಭೆ, ಪರಿಶೀಲನೆ, ಸೂಕ್ತ ಕ್ರಮ ಎಂದು ಕಾಯಲು ನನಗೆ ದಿನಗಳಿಲ್ಲ. ನಿನ್ನೆ ಸಂಜೆ ಕೆಲಸ ಮುಗಿಸಿ ಬಂದಾಗ ಈರಕ್ಕ ಜಗಲಿಯ ಮೇಲೆ ಸೀರೆಯ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಕುಳಿತಿದ್ದರು. ಮಗು ಎಲ್ಲಿ ಎಂದೆ. "ಇಲ್ಲೇ ಅವ್ಳೆ ಕಣಮ್ಮ, ಸುಮ್ನೆ ಆಡ್ಕಂತವ್ಳೆ," ಎಂದು ಸೀರೆಯನ್ನು ಮೆಲ್ಲಗೆ ಎಳೆದರು. ಸೀರೆ ನೆಲ ಗುಡಿಸಿಕೊಂಡು ಬಂತು, ತುದಿಯಲ್ಲಿ ಯಾರೂ ಇರಲಿಲ್ಲ.

ನಿನ್ನೆ ಅವಳು ಸಿಕ್ಕಿದ್ದು ಹಿತ್ತಲ ಕುರಿರೊಪ್ಪದ ಬೇಲಿಯೊಳಗೆ. ಗಂಟು ಬಿಚ್ಚುವುದನ್ನು ಕಲಿತಿದ್ದಾಳೆ ಮಾನ್ಯರೇ. ನಾಳೆಯೂ ನಾನು ಕೂಲಿಗೆ ಹೋಗಲೇಬೇಕು.

ಇಂತಿ,
ಮನೆಯೊಳಗೆ ಮಗಳನ್ನು ಇಟ್ಟುಕೊಂಡು
ಮಕ್ಕಳಿಲ್ಲವೆಂದು ಸಹಿ ಹಾಕಿದ ತಾಯಿ,
ಚಿತ್ರಾ