ದಿಬ್ಬಕ್ಕೆ ಮೊದಲು ಬಂದವಳು

ಅಪ್ಪಾ,

ನೀವು ಬದುಕಿದ್ದರೆ ಇದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಇವತ್ತು ಊರ ಬಾಗಿಲಲ್ಲಿ ಕಲ್ಲು ನೆಟ್ಟರು. ಹಳ್ಳ ತಿರುಗುವಲ್ಲಿ, ನೆರೆ ಮುಟ್ಟದ ಈ ದಿಬ್ಬದ ಮೇಲೆ ಮೊದಲು ನೆಲೆಸಿದವರು ಮೂವರು ಅಣ್ಣತಮ್ಮಂದಿರು ಎಂದು ಕೆತ್ತಿಸಿದ್ದಾರೆ.

“ಅವರಿಗಿಂತ ಎರಡು ವರ್ಷ ಮುಂಚೆ ನಮ್ಮಜ್ಜಿ ಬಂದಿದ್ದು. ಮೊದಲ ಬಾವಿ ತೋಡಿದ್ದೂ ಅವಳೇ,” ಎಂದೆ.

ಪಂಚಾಯಿತಿ ಕಚೇರಿಯ ಗುಮಾಸ್ತ ನೀವು ಬರೆದ ಊರ ಚರಿತ್ರೆಯ ಪುಸ್ತಕ ತೆರೆದ. “ನಿಮ್ಮಪ್ಪನೇ ಹೀಗೆ ಬರೆದಿದಾರಲ್ಲಮ್ಮ. ಮೇಷ್ಟ್ರು ಸುಳ್ಳು ಬರೀತಾರಾ?”

ನೆರೆದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ದಿಬ್ಬದ ಎತ್ತರ, ಕಪ್ಪು ಮಣ್ಣಿನ ಆಳ, ಎಲ್ಲ ಅಳೆದು ಬರೆದಿರಿ. ಗಂಡನ ಹೊಡೆತ ತಾಳದೆ ನಿಮ್ಮನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಹೆತ್ತ ತಾಯಿಗೆ ಒಂದು ಸಾಲು ಸಿಗಲಿಲ್ಲವೇ? ಗಂಡನನ್ನು ಬಿಟ್ಟವಳ ಮಗನೆಂದು ಜನ ಆಡಿಕೊಳ್ಳುತ್ತಾರೆಂಬ ಅಂಜಿಕೆ ಅಷ್ಟಿತ್ತೇ? ಅವಳ ಬಾವಿಯ ನೀರು ಕುಡಿದೇ ಬೆಳೆದಿರಲ್ಲ!

ಅಚ್ಚಿಗೆ ಕಳಿಸಲು ಆ ಪುಸ್ತಕವನ್ನು ಅಂದವಾಗಿ ನಕಲು ಮಾಡಿಕೊಟ್ಟವಳು ನಾನು. ಆಗ ನನಗೆ ಹತ್ತೊಂಬತ್ತು. ಓದು ಬಾರದ ಅಜ್ಜಿ ಪಕ್ಕದಲ್ಲೇ ಕೂತಿದ್ದಳು.

“ನನ್ನ ವಿಷ್ಯ ಎಲ್ಲಿ ಬರುತ್ತೇ?” ಎಂದು ಕೇಳಿದಳು.

“ಮುಂದೆ ಬರುತ್ತೆ ಅಜ್ಜಿ,” ಎಂದು ಹೇಳಿ ಬರೆಯುತ್ತಲೇ ಇದ್ದೆ.