ನರ ಬಿಗಿಯುವ ಪ್ರಶ್ನೆ

ಅಮ್ಮಾ,

ಇವತ್ತು ನಮ್ಮ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಚರ್ಚ್ ಹಾಲಿನಲ್ಲಿ, ನನ್ನ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಶ್ನೆಗಳನ್ನು ಬೆಸ್ತರ ಹೆಂಡಂದಿರೇ ತಿದ್ದಿದರು. ನಾನು ಪೆನ್ಸಿಲ್ ಹಂಚಿದೆ, ಅಷ್ಟೇ. ‘ನಿಮಗೆ ಖಿನ್ನತೆ ಇದೆಯೇ?’ ಎಂಬುದನ್ನು ಅವರಲ್ಲೇ ಹಿರಿಯಳಾದ ಡಾರ್ಕಸ್ ಅತ್ತೆ ಹೊಡೆದುಹಾಕಿದಳು.

“ಇದ್ಯಾವ ಭಾಷೆ ಮಾರಾಯ್ತಿ? ದೋಣಿ ಬರೋದು ತಡವಾದ್ರೆ ನರ ಬಿಗೀತಾವಾ ಅಂತ ಕೇಳು, ಸಾಕು ಅನ್ನೋವರೆಗೂ ಹೇಳ್ತೀವಿ!”

ಎಲ್ಲರೂ ಗೊಳ್ಳೆಂದು ನಕ್ಕರು. ಇನ್ನು ಇಡೀ ದ್ವೀಪದಲ್ಲಿ ಆ ಮಾತಿನಲ್ಲೇ ಕೇಳುತ್ತೇವೆ. ಹೆಮ್ಮೆಯಿಂದ ನನ್ನ ಎದೆಯುಬ್ಬಿತು.

ನೀನೂ ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಸಮೀಕ್ಷೆಯವನಿಗೆ “ನರ ಬಿಗೀತಾವಪ್ಪ” ಅಂದಿದ್ದೆ. ಆಗಿನ್ನೂ ಕಾಲೇಜು ಹುಡುಗಿ ನಾನು. “ಅದು ಹಳ್ಳಿ ಮಾತು, ಏನೂ ತೊಂದರೆ ಇಲ್ಲ ಅಂತ ಬರ್ಕೊಳ್ಳಿ” ಅಂತ ನಾನೇ ಅವನಿಗೆ ಹೇಳಿದೆ. ನೀನು ಅವನಿಗೆ ಇನ್ನಷ್ಟು ಚಹಾ ಬಗ್ಗಿಸಿದೆ.

ಹೊಸ ಹಾಳೆಯೊಂದನ್ನು ನಿನ್ನ ಹೆಸರಿನಲ್ಲಿ ಎತ್ತಿಟ್ಟಿದ್ದೇನೆ. ಈ ಸಲ ನಿನ್ನ ಉತ್ತರದ ಜಾಗವನ್ನು ನಾನು ತುಂಬಿಲ್ಲ.